ತವರು ಹೆಸರಿನ ಖಾನೆ

ಆಸ್ಪತ್ರೆಗಳ ಗಣಕೀಕರಣದಲ್ಲಿ ಹತ್ತು ವರ್ಷಗಳ ಅನುಭವ ಇರತಕ್ಕದ್ದು ಎಂದು ಆ ಜಾಹೀರಾತಿನಲ್ಲಿ ಅಚ್ಚಾಗಿತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲವದು. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಊರುಗಳಲ್ಲಿ ಕಂಪ್ಯೂಟರಿನ ಮೇಲೆ ರೋಗಿಯ ಹೆಸರು ಬರೆದುಕೊಳ್ಳುವ ಆಸ್ಪತ್ರೆಯನ್ನು ನಾನಂತೂ ಕಂಡಿರಲಿಲ್ಲ. ಯಾರೂ ಮಾಡದ ಕೆಲಸದಲ್ಲಿ ಹತ್ತು ವರ್ಷದ ಅನುಭವವನ್ನು ಯಾರ ಮನೆಯಿಂದ ತರಬೇಕು ಎಂದು ಕೇಳುವ ಧೈರ್ಯ ಆಗ ನನಗಿರಲಿಲ್ಲ. ಈಗ ನಿವೃತ್ತಳಾಗಿದ್ದೇನೆ. ಈಗ ಕೇಳುತ್ತಿದ್ದೇನೆ.

ಈ ಬರಹ ಆಸ್ಪತ್ರೆಗಳ ಪ್ರಾಜೆಕ್ಟ್ ಮ್ಯಾನೇಜರ್ ಆಗಲು ಹೊರಟಿರುವ ಕಿರಿಯರಿಗಾಗಿ. ನಿಮ್ಮಲ್ಲಿ ಬಹಳ ಜನ ಫೋನು ಮಾಡಿ ಒಂದೇ ಮಾತು ಕೇಳುತ್ತೀರಿ: ‘ಮ್ಯಾಡಂ, ನನಗ ಅನುಭವ ಕಡಿಮಿ ಐತ್ರಿ, ಅರ್ಜಿ ಹಾಕ್ಲೋ ಬ್ಯಾಡೋ?’ ಹಾಕಿರಿ. ಏಕೆ ಎಂಬುದನ್ನು ಮುಂದೆ ಬರೆದಿದ್ದೇನೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿನವಳು. ಆದ್ದರಿಂದ ವಾಕ್ಯಗಳನ್ನು ಎರಡೆರಡು ಸಲ ತಿದ್ದಿ ಬರೆಯುವುದು ನನಗೆ ಅಂಟಿಕೊಂಡ ಅಭ್ಯಾಸ. ಬರಹ ತುಸು ಬಿಗಿಯಾಗಿದೆ ಎನಿಸಿದರೆ ಸಹಿಸಿಕೊಳ್ಳಬೇಕು.

ನನ್ನ ತವರು ಘೋಡಗೇರಿ. ಅಜ್ಜನ ಕಾಲದವರೆಗೆ ನಮ್ಮವರು ಕುರಿ ಮೇಯಿಸುತ್ತಿದ್ದರು. ಅಪ್ಪನ ಕಾಲಕ್ಕೆ ಒಕ್ಕಲುತನವೂ ಸೇರಿತು. ಅವರು ನನಗಿಟ್ಟ ಹೆಸರು ಲಗಮವ್ವ. ಬಿ.ಎಸ್ಸಿ. ಪ್ರಮಾಣಪತ್ರದಲ್ಲಿ ಇರುವುದೂ ಅದೇ. ಮದುವೆ ಮಾಡಿ ಕೊಟ್ಟದ್ದು ಹೆದ್ದಾರಿಯ ಪಕ್ಕದ ಕಣಗಲಾಕ್ಕೆ. ಅಲ್ಲಿ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ವರನ ಕೈಗೆ ಉಂಗುರ ಕೊಟ್ಟು, ಹೆಂಡತಿಯ ಹೊಸ ಹೆಸರನ್ನು ಬರೆಯಿಸುವ ರೂಢಿ. ನಮ್ಮ ಯಜಮಾನರು ಸುಜಾತಾ ಎಂದು ಬರೆದರು. ಅಕ್ಷರ ದುಂಡಗಿದ್ದವು, ಆ ಬಗ್ಗೆ ನನ್ನ ತಕರಾರಿಲ್ಲ. ಅಂದಿನಿಂದ ಕಣಗಲಾದಲ್ಲಿ ನಾನು ಸುಜಾತಾ, ಘೋಡಗೇರಿಯಲ್ಲಿ ಲಗಮವ್ವ. ನಮ್ಮ ಕಡೆ ಇದು ವಿಶೇಷವಲ್ಲ. ಜೈನರ ಮನೆಗಳಲ್ಲಿ, ಮರಾಠಿ ಬಳಕೆಯ ಮನೆಗಳಲ್ಲಿ, ಬರಬರುತ್ತ ನಮ್ಮಂಥವರ ಮನೆಗಳಲ್ಲಿಯೂ ಹೆಣ್ಣುಮಕ್ಕಳಿಗೆ ಎರಡು ಹೆಸರಿರುತ್ತವೆ. ಹಳೆಯ ಹೆಸರನ್ನು ಅತ್ತೆಯ ಎದುರಿಗೆ ಯಾರೂ ಎತ್ತುವುದಿಲ್ಲ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ. ನನ್ನ ಕೆಲಸ ಉಳಿಯುವುದೋ ಹೋಗುವುದೋ ಎಂಬುದು ಇದರ ಮೇಲೆಯೇ ನಿಂತಿತು.

ನಮ್ಮ ಟ್ರಸ್ಟಿಗೆ ಮೂರು ಆಸ್ಪತ್ರೆಗಳಿದ್ದವು. ಗೋಕಾಕದ್ದು ದೊಡ್ಡದು, ಮೂಡಲಗಿ ಮತ್ತು ಹುಕ್ಕೇರಿಯವು ಸಣ್ಣವು. ನಾನು ಮೂಡಲಗಿಯಲ್ಲಿ ಕೇಸ್‌ಪೇಪರ್, ಎಂದರೆ ರೋಗಿಯ ಚೀಟಿ, ಬರೆಯುವ ಕೌಂಟರಿನಲ್ಲಿದ್ದೆ. ಸಂಜೆ ಗೋಕಾಕಕ್ಕೆ ಹೋಗಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿಕೊಂಡಿದ್ದೆ. ಮೂರೂ ಆಸ್ಪತ್ರೆಗಳ ರೋಗಿಗಳಿಗೆ ಒಂದೇ ನಂಬರು, ಒಂದೇ ದಾಖಲೆ ಇರಬೇಕು, ಯಾವ ಊರಿನಲ್ಲಿ ತೋರಿಸಿದರೂ ಹಿಂದಿನ ಚಿಕಿತ್ಸೆ ತೆರೆಯ ಮೇಲೆ ಕಾಣಬೇಕು ಎಂದು ಟ್ರಸ್ಟು ನಿರ್ಧರಿಸಿತು. ಪುಣೆಯ ಒಂದು ಕಂಪನಿಗೆ ಕೆಲಸ ಕೊಟ್ಟರು. ಜಾಹೀರಾತು ನೋಡಿ ಬೆಳಗಾವಿಯಿಂದ ಒಬ್ಬ ಅನುಭವಿ ಮ್ಯಾನೇಜರು ಬಂದರು, ವಾರದೊಳಗೆ ಕಾಣೆಯಾದರು.

ಟ್ರಸ್ಟಿನ ಅಧ್ಯಕ್ಷರು ಪದ್ಮಣ್ಣ ಕಾಕಾ, ಗೋಕಾಕದ ಹಳೆಯ ವ್ಯಾಪಾರಸ್ಥರು. ಅವರು ನನ್ನನ್ನು ಕರೆಯಿಸಿ, ‘ಏನವಾ ಲಗಮವ್ವ, ಹೊಸ ಮ್ಯಾನೇಜರ್ ಬರೂತನಾ ಈ ಕಂಪ್ಯೂಟರಿನ ಕೆಲಸ ನೋಡ್ಕೊಂಡ ಹೋಗತೀಯೇನ?’ ಎಂದರು.

ಸೂಪರಿಂಟೆಂಡೆಂಟ್ ಡಾ. ಹಿರೇಮಠರು ಪಕ್ಕದಲ್ಲಿಯೇ ಕುಳಿತಿದ್ದರು. ಒಳ್ಳೆಯ ಶಸ್ತ್ರವೈದ್ಯರು, ನಾಲಿಗೆಯೂ ಹರಿತ. ‘ಕಾಕಾ, ಕೇಸ್‌ಪೇಪರ್ ಬರಿಯಾಕಿನ್ನ ಪ್ರಾಜೆಕ್ಟ್ ಮ್ಯಾನೇಜರ್ ಮಾಡ್ತೀರಿ? ಹಂಗಾರ ನಾಳೆ ಕಂಪೌಂಡರನ್ನ ಆಪರೇಷನ್‌ಗೆ ನಿಲ್ಲಸ್ರಿ. ನಾ ಮನ್ಯಾಗ ಕುಂದರ್ತೇನಿ.’

‘ನೀವ ಆರಿಸಿ ತಂದ ಅನುಭವಸ್ಥ ಎಲ್ಲಿ ಅದಾನ್ರಿ ಡಾಕ್ಟರ? ಹುಕ್ಕೇರಿ ಬಸ್ಸಿನ್ಯಾಗ ಒಮ್ಮೆ ನಿಂತ ಹೋಗಿ ಬಂದ, ಹೊಳ್ಳಿ ಮಾರಿ ತೋರಸಲಿಲ್ಲ. ಈಕಿ ದಿನಾ ನಿಂತ ಬರತಾಳ.’

ನನ್ನ ನೇಮಕಕ್ಕೆ ಇದ್ದ ಅರ್ಹತೆ ಇಷ್ಟೇ: ಬಸ್ಸಿನಲ್ಲಿ ನಿಂತು ಬರುವ ಅಭ್ಯಾಸ. ಅದು ಸಣ್ಣ ಅರ್ಹತೆ ಎಂದು ಆಗ ನಾಚಿಕೊಂಡಿದ್ದೆ. ಇವತ್ತು ಹಾಗೆ ತಿಳಿಯುವುದಿಲ್ಲ. ಮೂರು ಊರಿನ ಆಸ್ಪತ್ರೆಗಳನ್ನು ಕೂಡಿಸುವವನು ಆ ಮೂರು ಊರುಗಳ ನಡುವೆ ಓಡಾಡಲೇಬೇಕು.

ಪುಣೆಯ ಕಂಪನಿಯಿಂದ ಬಂದವರು ಅಭಿಜಿತ್. ವಯಸ್ಸಿನಲ್ಲಿ ನನಗಿಂತ ಕಿರಿಯರು, ಸಭ್ಯರು, ಮರಾಠಿ ಮತ್ತು ಇಂಗ್ಲಿಷ್ ಬಲ್ಲವರು. ಮೊದಲ ಸಭೆಗೆ ನಾನು ಆಡಬೇಕಾದ ವಾಕ್ಯಗಳನ್ನೆಲ್ಲ ಬರೆದುಕೊಂಡು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರು ಕೇಳಿದ ಪ್ರಶ್ನೆಗಳಲ್ಲಿ ಒಂದಕ್ಕೂ ಆ ವಾಕ್ಯಗಳು ಹೊಂದಲಿಲ್ಲ. ಅಷ್ಟಾದರೂ ಒಂದು ಮಾತನ್ನು ಧೈರ್ಯ ಮಾಡಿ ಹೇಳಿದೆ. ಅವರು ಗೋಡೆಗೆ ಅಂಟಿಸಿದ ದೊಡ್ಡ ನಕ್ಷೆಯಲ್ಲಿ ಹುಕ್ಕೇರಿಯ ಸಿಬ್ಬಂದಿಯ ತರಬೇತಿ ಎಳ್ಳಮಾವಾಸ್ಯೆಯ ದಿನ ಬಂದಿತ್ತು. ಆ ದಿನ ಎಲ್ಲರೂ ಬೆಳೆಗೆ ಎಡೆ ಹಿಡಿದು ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತಾರೆ, ದಿನ ಬದಲಿಸಿರಿ ಎಂದೆ. ಅದು ರಜೆಯ ಪಟ್ಟಿಯಲ್ಲಿಲ್ಲ ಎಂದರು. ಡಾ. ಹಿರೇಮಠರೂ ‘ರಜಾ ಇಲ್ಲಂದ್ರ ಬರಬೇಕು’ ಎಂದರು.

ಅಂದು ಅಭಿಜಿತ್ ನಾಲ್ಕು ಯಂತ್ರಗಳನ್ನು ಹಚ್ಚಿಟ್ಟುಕೊಂಡು ಒಬ್ಬರೇ ಕುಳಿತರು. ಪಾಳಿಯ ಮೇಲಿದ್ದ ನರ್ಸುಗಳನ್ನು ಬಿಟ್ಟರೆ ಆಸ್ಪತ್ರೆಯಲ್ಲಿ ಮತ್ತಾರೂ ಇರಲಿಲ್ಲ. ಮಧ್ಯಾಹ್ನ ನಮ್ಮ ಆಯಾ ಶಿವಕ್ಕ ಹೊಲದಿಂದಲೇ ಬಂದು ಬಾಗಿಲಲ್ಲಿ ನಿಂತಳು. ‘ಏನ್ರಿ ಸಾಹೇಬ್ರ, ಹಬ್ಬದ ದಿನ ಒಬ್ಬರ ಕುಂತ ಯಾರಿಗೆ ಕಲಸಾಕತ್ತೀರಿ? ಏಳ್ರಿ, ಊಟಕ್ಕ ನಡ್ರಿ. ಈ ಡಬ್ಬಿ ಎಲ್ಲೂ ಓಡಿ ಹೋಗೂದಿಲ್ಲ.’

ಮಾತು ತಿಳಿಯದಿದ್ದರೂ ಅವಳ ಕೈಸನ್ನೆ ತಿಳಿದು ಅವರು ಹೋದರು. ಬನ್ನಿಯ ಗಿಡದ ಬುಡದಲ್ಲಿ ಕುಳಿತು ಸಜ್ಜೆಯ ರೊಟ್ಟಿ, ಪುಂಡಿಪಲ್ಯ, ಕಡಬು ಎಲ್ಲ ಉಂಡು, ಶಿವಕ್ಕನ ಮಾವನ ಕಂಬಳಿಯ ಮೇಲೆ ನಿದ್ದೆ ಹೋದರು. ಆಮೇಲೆ ಯಾವ ದಿನ ಗೊತ್ತು ಮಾಡುವ ಮುಂಚೆಯೂ ಪುಣೆಯಿಂದ ಫೋನು ಬರತೊಡಗಿತು: ಮ್ಯಾಡಂ, ಆ ದಿನ ನಿಮ್ಮ ಕಡೆ ಏನೂ ಇಲ್ಲವಷ್ಟೇ? ಗೋಡೆಯ ನಕ್ಷೆಯನ್ನು ನಾನು ಹೊಸದಾಗಿ ಬರೆದೆ. ಸಂತೆ, ಅಮಾವಾಸ್ಯೆ, ಬಸ್ಸು ತಪ್ಪುವ ಹೊತ್ತು ಎಲ್ಲವೂ ಅದರಲ್ಲಿದ್ದವು.

ಆ ಕಾಲದ ವಿಧಾನವನ್ನೂ ಹೇಳಬೇಕು. ಮೂರು ಊರುಗಳ ಯಂತ್ರಗಳು ಒಂದರೊಡನೊಂದು ಮಾತನಾಡುತ್ತಿರಲಿಲ್ಲ. ದಿನದ ಮಾಹಿತಿಯನ್ನು ಫ್ಲಾಪಿಗೆ ತುಂಬಿ ಬಸ್ಸಿನಲ್ಲಿ ಗೋಕಾಕಕ್ಕೆ ಒಯ್ಯಬೇಕು, ಅಲ್ಲಿ ಕೂಡಿಸಿ ತಿರುಗಿ ಕಳಿಸಬೇಕು. ಒಮ್ಮೆ ಹುಕ್ಕೇರಿಯ ಕೌಂಟರಿನವನು ಫ್ಲಾಪಿಗಳನ್ನು ಬಿಸಿ ಊಟದ ಡಬ್ಬಿಯ ಮೇಲಿಟ್ಟು ಕಟ್ಟಿಕೊಂಡು ಬಂದಿದ್ದ. ಘಟಪ್ರಭಾದಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಅವು ಹಪ್ಪಳದಂತೆ ಸೊಟ್ಟಗಾಗಿದ್ದವು. ‘ಊಟ ಆರಬಾರದಲ್ರಿ ಅಕ್ಕಾರ’ ಎಂದ. ಅಂದಿನಿಂದ ಪ್ರತಿ ಫ್ಲಾಪಿಗೂ ಜೋಡಿ ಪ್ರತಿ ಇಡುವ ನಿಯಮ ಮಾಡಿದೆ. ಪುಸ್ತಕದಲ್ಲಿ ಅದಕ್ಕೆ ದೊಡ್ಡ ಹೆಸರಿದೆ ಎಂದು ಆಮೇಲೆ ತಿಳಿಯಿತು.

ಇನ್ನು ಮುಖ್ಯ ಸಂಗತಿ. ಮೂರು ಆಸ್ಪತ್ರೆಗಳ ದಾಖಲೆ ಕೂಡಿಸುವಾಗ ಎರಡು ಊರಿನ ದಾಖಲೆಗಳಲ್ಲಿರುವ ರೋಗಿ ಒಬ್ಬರೇ ಎಂದು ಯಂತ್ರ ಹೇಗೆ ಗುರುತಿಸಬೇಕು? ರೋಗಿಯ ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು ಇವು ಹೊಂದಿದರೆ ಒಬ್ಬರು. ಇಲ್ಲವಾದರೆ ಬೇರೆ ರೋಗಿ. ಇದು ಪುಣೆಯವರ ನಿಯಮ. ನಾನು ಎದ್ದು ಹೇಳಿದೆ: ನಮ್ಮ ಹೆಣ್ಣುಮಕ್ಕಳಿಗೆ ಈ ಮೂರೂ ಬದಲಾಗುತ್ತವೆ. ಮೂಡಲಗಿಯ ಕೌಂಟರಿನಲ್ಲಿ ನಾನು ತವರಿನ ಹೆಸರನ್ನು ಕೇಳಿ ಕೇಸ್‌ಪೇಪರಿನ ಮೂಲೆಯಲ್ಲಿ ಬರೆಯುತ್ತಿದ್ದೆ. ತೆರೆಯ ಮೇಲೂ ಅದಕ್ಕೊಂದು ಖಾನೆ ಬೇಕು.

ಅಭಿಜಿತ್ ನಕ್ಕರು. ಎರಡೆರಡು ಹೆಸರು ಪೊಲೀಸರ ದಾಖಲೆಯಲ್ಲಿರುತ್ತವೆ, ಕಳ್ಳರಿಗೆ. ಆಸ್ಪತ್ರೆಗೆ ಏಕೆ, ಮೇಲಾಗಿ ಕರಾರಿನಲ್ಲಿ ಅದಿಲ್ಲ ಎಂದರು. ಡಾ. ಹಿರೇಮಠರು, ‘ಮತದಾರರ ಚೀಟಿ ತರ್ರಿ ಅಂತ ಬೋರ್ಡ್ ಹಚ್ಚು. ಅದರಾಗಿನ ಹೆಸರ ಬರಿ. ಮುಗೀತು’ ಎಂದರು. ಹೊಸ ಮದುಮಗಳ ಚೀಟಿ ತವರಿನಲ್ಲಿರುತ್ತದೆ, ತವರಿನ ಹೆಸರಿನಲ್ಲಿರುತ್ತದೆ, ಅವಳು ಬರುವುದು ಅತ್ತೆಯ ಜೊತೆಗೆ ಎಂದು ನಾನು ಹೇಳಿದ್ದನ್ನು ಅವರು ಕೇಳಲಿಲ್ಲ. ಮೂರೂ ಊರಿನ ಹಳೆಯ ದಾಖಲೆಗಳನ್ನು ಯಂತ್ರಕ್ಕೆ ತುಂಬಿಸಿದ ಮೇಲೆ, ನಕ್ಷೆಯಂತೆ ಹುಕ್ಕೇರಿಯಲ್ಲಿ ಪರೀಕ್ಷಾರ್ಥ ಬಳಕೆ ಆರಂಭವಾಯಿತು. ಹಳೆಯ ಕೇಸ್‌ಪೇಪರ್ ಹುಡುಕುವುದನ್ನು ನಿಲ್ಲಿಸಿ, ತೆರೆಯ ಮೇಲೆ ಕಂಡದ್ದನ್ನೇ ನಂಬುವುದು ಪದ್ಧತಿಯಾಯಿತು.

ಕೆಲವು ದಿನಗಳಾದ ಮೇಲೆ ಒಬ್ಬ ಸೊಸೆಯನ್ನು ಜ್ವರವೆಂದು ಅವಳ ಅತ್ತೆ ಹುಕ್ಕೇರಿಯ ಆಸ್ಪತ್ರೆಗೆ ಕರೆತಂದಳು. ಹೆಸರು ರೂಪಾ ಎಂದು ಅತ್ತೆಯೇ ಬರೆಯಿಸಿದಳು. ಯಂತ್ರ ಹೊಸ ರೋಗಿ ಎಂದಿತು. ಒಗ್ಗದ ಔಷಧ ಎಂಬಲ್ಲಿ ‘ಯಾವುದೂ ಇಲ್ಲ’ ಎಂದು ತಾನೇ ತೋರಿಸಿತು. ಡಾಕ್ಟರು ಅದನ್ನು ನೋಡಿ ಚುಚ್ಚುಮದ್ದು ಬರೆದರು. ಸ್ವಲ್ಪ ಹೊತ್ತಿನಲ್ಲೇ ಹುಡುಗಿಯ ಮೈತುಂಬ ಗಂಧೆಗಳೆದ್ದು, ಉಸಿರು ಸಿಕ್ಕಿಕೊಂಡಿತು. ಆ ಹೊತ್ತಿಗೆ ಡಾ. ಹಿರೇಮಠರು ಹುಕ್ಕೇರಿಯಲ್ಲೇ ಇದ್ದದ್ದು ಪುಣ್ಯ. ಅವರು ಅವಳ ಹಾಸಿಗೆ ಬಿಟ್ಟು ಕದಲಲಿಲ್ಲ. ಹುಡುಗಿ ಉಳಿದಳು. ಈ ಮಾತನ್ನು ನಾನು ಅವರ ಲೆಕ್ಕಕ್ಕೆ ಹಿಡಿಯಲೇಬೇಕು.

ಮರುದಿನ ಅವಳ ತಾಯಿ ಮೂಡಲಗಿಯ ಕಡೆಯಿಂದ ಬಂದಳು. ನಾನೂ ಅಭಿಜಿತ್ತೂ ವಾರ್ಡಿನಲ್ಲಿದ್ದೆವು.

‘ಭಾಗವ್ವಾ! ಏನ ಮಾಡಿದ್ರ ನಿನಗ?’ ಎಂದು ಮಗಳ ಕೆನ್ನೆ ಸವರಿ, ನಮ್ಮ ಕಡೆ ತಿರುಗಿದಳು. ‘ಆ ಸೂಜಿ ಈಕಿಗೆ ಆಗಿ ಬರೂದಿಲ್ಲಂತ ನಿಮ್ಮ ಮೂಡಲಗಿ ದವಾಖಾನ್ಯಾಗ ಕೆಂಪ ಅಕ್ಷರದಾಗ ಬರದಾರ! ಎಲ್ಲಾ ಒಂದ ಮಾಡೇವಿ ಅಂತೀರಿ, ಇದೇನ ಒಂದ ಮಾಡೂದು?’

ಅತ್ತೆ ನಡುವೆ ಬಾಯಿ ಹಾಕಿದಳು. ‘ಬೀಗತಿ, ನಮ್ಮ ಸೊಸಿ ಹೆಸರ ರೂಪಾ. ಆ ಹೆಸರ ಇಲ್ಲಿ ತಗೀಬ್ಯಾಡ್ರಿ.’

‘ನಾ ಹಡದ ಮಗಳಿಗೆ ನಾ ಇಟ್ಟ ಹೆಸರ ತಗೀಬಾರದೇನ್ರಿ? ಸತ್ತಿದ್ರ ಯಾವ ಹೆಸರ ಹಿಡದ ಅಳತಿದ್ರಿ?’

ಹುಡುಗಿ ಗೋಡೆಯ ಕಡೆ ಮುಖ ತಿರುಗಿಸಿದಳು. ಜಗಳ ಕನ್ನಡದಲ್ಲಿತ್ತು, ನಾನು ಅಭಿಜಿತ್‌ಗೆ ಮರಾಠಿಯಲ್ಲಿ ತಿಳಿಸಿದೆ. ಅವರು ಯಂತ್ರದ ಮುಂದೆ ಹೋಗಿ ಭಾಗವ್ವ ಎಂದು ಹುಡುಕಿದರು. ಮೂಡಲಗಿಯ ದಾಖಲೆ ಬಂತು. ಒಗ್ಗದ ಔಷಧದ ಹೆಸರು ಅಲ್ಲಿ ಸ್ಪಷ್ಟವಾಗಿತ್ತು. ಅವರು ಜೇಬಿನಿಂದ ಪೆನ್ನು ತೆಗೆದು ಎರಡೂ ಹೆಸರುಗಳನ್ನು ಒಂದರ ಕೆಳಗೊಂದು ಬರೆದುಕೊಂಡರು.

ಅಷ್ಟರಲ್ಲಿ ಉದ್ಘಾಟನೆಯ ಆಮಂತ್ರಣ ಪತ್ರಿಕೆಗಳು ಅಚ್ಚಾಗಿದ್ದವು, ಅತಿಥಿಗಳು ಒಪ್ಪಿಕೊಂಡಿದ್ದರು. ಪರೀಕ್ಷಾರ್ಥ ಬಳಕೆ ಯಶಸ್ವಿಯಾಗಿದೆ ಎಂಬ ಕಾಗದಕ್ಕೆ ಪ್ರಾಜೆಕ್ಟ್ ಮ್ಯಾನೇಜರರ ಸಹಿ ಬೇಕಿತ್ತು. ಪದ್ಮಣ್ಣ ಕಾಕಾ ಗೋಕಾಕದ ತಮ್ಮ ಮನೆಯಲ್ಲಿಯೇ ಸಭೆ ಕರೆದರು. ಕಾಕಾ, ಡಾ. ಹಿರೇಮಠರು, ಅಭಿಜಿತ್ ಮತ್ತು ನಾನು.

ನಾನು ಆ ಖಾನೆ ಬರುವವರೆಗೆ ಸಹಿ ಮಾಡುವುದಿಲ್ಲ ಎಂದೆ. ಆ ವಾಕ್ಯವನ್ನು ಬರೆದುಕೊಂಡು ಹೋಗಿರಲಿಲ್ಲ.

‘ಆ ಹುಡುಗಿ ಖರೆ ಹೆಸರ ಹೇಳಬೇಕಿತ್ತು,’ ಎಂದರು ಡಾ. ಹಿರೇಮಠರು.

‘ಎರಡೂ ಖರೇನ ಅದಾವ್ರಿ ಸರ್.’

‘ವಾದ ಬ್ಯಾಡ. ಒಂದ ಕೇಸಿಗಾಗಿ ಮೂರ ದವಾಖಾನಿ ನಿಲ್ಲಸ್ತೀಯೇನ? ನಿನಗ ಈ ಕೆಲಸದ ಅನುಭವ ಇಲ್ಲ, ಅದಕ್ಕ ಅಂಜತಿ. ಸಹಿ ಮಾಡು. ಇಲ್ಲಂದ್ರ ಸಹಿ ಮಾಡೋರನ್ನ ಪುಣೆಯಿಂದ ಕರಸ್ತೇವಿ. ನಿನ್ನ ಕೌಂಟರ್ ಇನ್ನೂ ಖಾಲಿನ ಐತಿ.’

ಅಂಜಿದ್ದು ನಿಜ. ನನ್ನ ನೇಮಕ ಬಾಯಿಮಾತಿನದು. ಅಂದು ಕೆಲಸ ಹೋಗಿದ್ದರೆ, ‘ಕಲಿತಾಕಿಯ ಹಣೆಬರಹ ನೋಡು’ ಎಂದು ಎರಡೂ ಊರಿನವರು ಆಡಿಕೊಳ್ಳುತ್ತಿದ್ದರು. ಆದರೂ ಹೇಳಿದೆ: ‘ಕರಸ್ರಿ ಸರ್. ಬಂದವರು ಮೊದಲ ಭಾಗವ್ವನ ಅವ್ವಗ ಉತ್ತರ ಕೊಡಲಿ. ಆಮ್ಯಾಲ ಸಹಿ ಮಾಡಲಿ.’

ಕಾಕಾ ಕೇಳಿದರು: ‘ಅಲ್ಲವಾ, ಈ ಎರಡ ಹೆಸರಿನ ಮಂದಿ ಅಷ್ಟ ಅದಾರೇನ? ಎಲ್ಲೋ ಒಬ್ಬಿಬ್ರ ಇರಬೇಕು.’

ಆಗಲೇ ಅವರ ಪತ್ನಿ, ನಾವೆಲ್ಲ ಕಾಕೂ ಎನ್ನುವ ಶಾಂತಾದೇವಿ, ಚಹಾದ ತಾಟು ಹಿಡಿದು ಒಳಗೆ ಬಂದರು. ನನಗೆ ಬೇರೇನೂ ಹೊಳೆಯಲಿಲ್ಲ. ‘ಕಾಕೂ, ನಿಮ್ಮ ತವರ ಹೆಸರೇನ್ರಿ?’ ಎಂದೆ.

ಅವರು ತಾಟನ್ನು ಕೆಳಗಿಟ್ಟರು. ಮುಖದಲ್ಲಿ ಒಂದು ನಗೆ ಮೂಡಿತು. ‘ನಿಮ್ಮ ಕಾಕಾನ ಕೇಳವಾ. ನೆನಪ ಇದ್ರ ಹೇಳ್ತಾರ.’

ಕಾಕಾ ಟೋಪಿ ತೆಗೆದು ತಲೆ ಕೆರೆದುಕೊಂಡರು. ‘ಅದೇನೋ ಇತ್ತಲಾ… ತಾರಾ?’

‘ತಾರಾ ನನ್ನ ತಂಗಿ ಹೆಸರರಿ.’

ಡಾ. ಹಿರೇಮಠರು ಗಟ್ಟಿಯಾಗಿ ನಕ್ಕರು. ಕಾಕೂ ಅವರ ಕಡೆ ತಿರುಗಿದರು. ‘ನಗಬ್ಯಾಡ್ರಿ ಡಾಕ್ಟರ. ನಿಮ್ಮ ಮನಿಯವರ ತವರ ಹೆಸರ ನನಗ ಗೊತ್ತೈತಿ. ನಿಮಗ ಗೊತ್ತೈತೇನ?’ ಡಾಕ್ಟರರು ಚಹಾದ ಕಪ್ಪನ್ನು ಎತ್ತಿಕೊಂಡರು. ಕಾಕೂ ನನ್ನನ್ನು ನೋಡಿ ಮೆಲ್ಲಗೆ, ‘ಚಂಪವ್ವ’ ಎಂದರು. ‘ಚೊಚ್ಚಲ ಬಾಣಂತನಕ್ಕ ಹೋದಾಗ ನಮ್ಮಪ್ಪ ದವಾಖಾನ್ಯಾಗ ಅದ ಹೆಸರ ಬರಸಿದ್ದ. ಆಮ್ಯಾಲ ಯಾರೂ ಕೇಳೇ ಇಲ್ಲ ಬಿಡು.’ ಕಪ್ಪುಗಳನ್ನು ಹಂಚಿ ಒಳಗೆ ಹೋದರು.

ಕಾಕಾ ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡರು. ಆ ಖಾನೆ ಹಚ್ಚಲು ಎಷ್ಟು ದಿನ ಬೇಕು ಎಂದು ಅಭಿಜಿತ್ ಅವರನ್ನು ಮರಾಠಿಯಲ್ಲಿ ಕೇಳಿದರು. ತಿಂಗಳೊಪ್ಪತ್ತು ಬೇಕು, ಆದರೆ ಬೇಕೇ ಬೇಕು ಎಂದು ಅಭಿಜಿತ್ ಹೇಳಿದರು. ‘ಹಂಗಾರ ಪಾವಣ್ಯಾರಿಗೆ ನಾ ಫೋನ್ ಹಚ್ಚತೇನಿ,’ ಎಂದು ಕಾಕಾ ಅತಿಥಿಗಳ ಪಟ್ಟಿ ತರಿಸಿಕೊಂಡರು. ‘ಪತ್ರಿಕೆ ಹಳೇ ಪೇಪರಿನ್ಯಾಗ ಹಾಕ್ರಿ.’

ಸಭೆಯ ನಡಾವಳಿಯನ್ನು ಡಾ. ಹಿರೇಮಠರು ಬರೆಯಿಸಿದರು. ‘ಪ್ರಾಜೆಕ್ಟ್ ಮ್ಯಾನೇಜರರ ಅನನುಭವದಿಂದ ಉದ್ಘಾಟನೆ ವಿಳಂಬವಾಗಿದೆ’ ಎಂದು ಅದರಲ್ಲಿ ಸೇರಿಸಿದರು. ತೆಗೆಸಬೇಕೆ ಎಂದು ಅಭಿಜಿತ್ ಕೇಳಿದರು. ಬೇಡವೆಂದೆ. ಆ ವಾಕ್ಯ ಅಲ್ಲಿಯೇ ಇರಲಿ. ಅನುಭವವಿದ್ದವರು ಸಹಿ ಮಾಡಿಬಿಡುತ್ತಿದ್ದರು.

ಖಾನೆ ಬಂತು. ಅದನ್ನು ತುಂಬುವುದು ಮತ್ತೊಂದು ಕೆಲಸವಾಯಿತು. ಕೌಂಟರಿನಲ್ಲಿ ಅತ್ತೆ ಪಕ್ಕಕ್ಕೆ ನಿಂತಿದ್ದರೆ ಸೊಸೆ ತವರಿನ ಹೆಸರು ಹೇಳುವುದಿಲ್ಲ. ಆದ್ದರಿಂದ ಆ ಪ್ರಶ್ನೆಯನ್ನು ಕೌಂಟರಿನಿಂದ ತೆಗೆದು ತೂಕ ನೋಡುವ ಕೋಣೆಗೆ ಒಯ್ದೆ. ಅಲ್ಲಿಗೆ ರೋಗಿ ಒಬ್ಬಳೇ ಬರುತ್ತಾಳೆ. ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳು ನೋಡುತ್ತ, ‘ತವರಾಗ ಏನಂತಿದ್ರವಾ?’ ಎಂದು ಕೇಳಬೇಕು ಎಂದು ಕಲಿಸಿದೆ. ಹೇಳದವರು ವಿರಳ. ಕೆಲವರು ಊರು, ಗೆಳತಿಯರು, ಶಾಲೆ ಎಲ್ಲವನ್ನೂ ಹೇಳಿ ಕೆಳಗಿಳಿಯುತ್ತಿದ್ದರು.

ಆಮೇಲೆ ಖಾಯಂ ನೇಮಕದ ಆದೇಶ ಬಂತು. ಅದರಲ್ಲಿ ‘ಶ್ರೀಮತಿ ಸುಜಾತಾ’ ಎಂದಿತ್ತು. ರೇಷನ್ ಕಾರ್ಡು ನೋಡಿ ಬರೆದಿದ್ದರು. ಪ್ರಮಾಣಪತ್ರದಲ್ಲಿರುವಂತೆ ಲಗಮವ್ವ ಎಂದು ತಿದ್ದಿಸಿ ಕೊಡಬೇಕೆಂದು ತಿರುಗಿ ಕಳಿಸಿದೆ. ‘ಮ್ಯಾನೇಜರ್‌ಗೆ ಲಗಮವ್ವ ಅಂತ ಹೆಸರ ಒಪ್ಪೂದಿಲ್ರಿ’ ಎಂದು ಆಫೀಸಿನವನು ಹೇಳಿದ. ‘ಒಪ್ಪಿಸ್ಕೋ’ ಎಂದೆ. ಮುಂದೆ ಬಹಳ ಆಸ್ಪತ್ರೆಗಳಲ್ಲಿ ಇದೇ ಕೆಲಸ ಮಾಡಿದೆ. ಫ್ಲಾಪಿ ಹೋಗಿ ಟೆಲಿಫೋನ್ ತಂತಿ ಬಂತು, ಅದೂ ಹೋಗಿ ಮತ್ತೇನೇನೋ ಬಂತು. ಎಲ್ಲಿ ಹೋದರೂ ಮೊದಲ ಸಭೆಯಲ್ಲಿ ಯಾರಾದರೊಬ್ಬರು ನನ್ನ ಅನುಭವದ ಲೆಕ್ಕ ಕೇಳುತ್ತಿದ್ದರು. ನಾನು ಅವರ ಊರಿನ ಹೆಣ್ಣುಮಕ್ಕಳಿಗೆ ಎಷ್ಟು ಹೆಸರುಗಳಿವೆ ಎಂದು ಕೇಳುತ್ತಿದ್ದೆ.

ಕಳೆದ ತಿಂಗಳು ಮೊಣಕಾಲು ನೋವೆಂದು ಹುಕ್ಕೇರಿಯ ಅದೇ ಆಸ್ಪತ್ರೆಗೆ ಹೋದೆ. ಕಟ್ಟಡ ಹೊಸದು, ಮಂದಿ ಹೊಸಬರು; ನನ್ನನ್ನು ಯಾರೂ ಗುರುತಿಸಲಿಲ್ಲ. ಕೌಂಟರಿನಲ್ಲಿ ಜೊತೆಗೆ ಬಂದಿದ್ದ ಮೈದುನ ತನ್ನ ರೂಢಿಯಂತೆ ಸುಜಾತಾ ಎಂದು ಬರೆಯಿಸಿದ್ದ. ತೂಕದ ಕೋಣೆಯಲ್ಲಿ ಒಬ್ಬ ಹುಡುಗಿ ತೆರೆಯಿಂದ ಕಣ್ಣೆತ್ತದೆ, ‘ಮ್ಯಾಲ ನಿಂದರ್ರಿ ಅಮ್ಮಾರ. ತವರ ಹೆಸರೇನ್ರಿ?’ ಎಂದಳು. ಉತ್ತರಕ್ಕೆ ಕಾಯದೆ ತಾನೇ ಗೊಣಗಿದಳು: ‘ಲೈನ್ ಹೊರಗ ತನಾ ಹೋಗೇತಿ. ಇದೊಂದ ಖಾನೆ ತುಂಬಲಿಲ್ಲಂದ್ರ ಮುಂದ ಹೋಗಾಕ ಬಿಡೂದಿಲ್ಲ. ಯಾವ ಪುಣ್ಯಾತ್ಮ ಹಚ್ಚ್ಯಾನೋ ಏನೋ!’

‘ಹಚ್ಚಿದಾಕಿ ನಾನವಾ,’ ಎಂದೆ. ‘ಬರಕೋ: ಲಗಮವ್ವ.’